ಕಟ್ಟಿಗೆ ರೈಲಿನ ಕೊನೆಯ ಡಬ್ಬಿ

ಘಟ್ಟದ ಕಾಡಿನಿಂದ ತೇಗದ ದಿಮ್ಮಿ ತರುತ್ತಿದ್ದ ಪುಟ್ಟ ರೈಲೊಂದರ ಚರಿತ್ರೆಯನ್ನು ವಿದ್ಯಾವತಿ ಬರೆಯುತ್ತಿದ್ದಳು. ಅವಳು ವಿಜಯಪುರದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವವಳು. ಹಳಿ ಕಿತ್ತು ಐವತ್ತು ವರ್ಷ ದಾಟಿತ್ತು. ಗಾಂಧಿ ಚೌಕದ ಪ್ರೆಸ್ಸಿಗೆ ಪುಸ್ತಕ ಕೊಡಲು ಮೂರೇ ದಿನ. ಉಳಿದದ್ದು ಒಂದು ಅಧ್ಯಾಯ, ೧೯೬೪ರ ಅಪಘಾತ. ಇಳಿಜಾರಿನಲ್ಲಿ ರೈಲು ಉರುಳಿ ಇಬ್ಬರು ಹಮಾಲರು ಸತ್ತಿದ್ದರು. ಹಿಂದಿನ ಡಬ್ಬಿಯವನು ಬ್ರೇಕ್ ಹಾಕಲೆಂದು ಊದಬೇಕಾದ ಸೀಟಿಯನ್ನು ಚಾಲಕ ಊದಲಿಲ್ಲವೆಂದು ವಿಚಾರಣೆಯಲ್ಲಿ ತೀರ್ಮಾನವಾಗಿತ್ತು. ಆ ಚಾಲಕ ಬಸಗೊಂಡಪ್ಪ, ಅವಳ ತಾಯಿಯ ತಂದೆ. ಕೆಲಸ ಹೋಗಿ ಬಬಲೇಶ್ವರಕ್ಕೆ ಮರಳಿದವನು ಸಾಯುವತನಕ "ನಾ ಊದೀನಿ" ಎನ್ನುತ್ತಲೇ ಇದ್ದ.

ಅಂದು ಕೊನೆಯ ಡಬ್ಬಿಯಲ್ಲಿ ಬ್ರೇಕಿನ ಕೆಲಸಕ್ಕಿದ್ದ ಅಮೀನಸಾಬ ಹೊನವಾಡದಲ್ಲಿ ಇನ್ನೂ ಇದ್ದಾನೆಂದು ತಿಳಿದದ್ದೇ ವಿದ್ಯಾವತಿ ತಿಕೋಟಾ ಮಾರ್ಗದ ಬಸ್ಸು ಹತ್ತಿ ಅಲ್ಲಿಗೆ ಹೋದಳು.

ಮುದುಕ ಒಣದ್ರಾಕ್ಷಿ ಶೆಡ್ಡಿನ ನೆರಳಲ್ಲಿ ಕೂತಿದ್ದ. ಬಸಗೊಂಡಪ್ಪನ ಮೊಮ್ಮಗಳೆಂದು ಕೇಳಿದೊಡನೆ ಅವನ ಕೈಯ ಚಹಾ ಚೆಲ್ಲಿತು. ಮಗಳು ದಾವಲಬಿ ಅಡ್ಡ ಬಂದಳು.

"ಅಬ್ಬಾಗ ಎದಿ ನೋವು ಐತ್ರಿ ಅಕ್ಕಾರ. ಹಳೇದು ಕೆದರಬ್ಯಾಡ್ರಿ, ಹೋಗ್ರಿ."

"ಇರ್ಲಿ ಬಿಡು," ಎಂದ ಅಮೀನಸಾಬ. "ಕುಂದ್ರವ್ವಾ."

ಅವನು ನೆಲ ನೋಡುತ್ತ ಹೇಳಿದ: "ನಿಮ್ಮಜ್ಜ ಮೂರು ಸಲ ಸೀಟಿ ಊದ್ಯಾನ. ನಾ ಬ್ರೇಕಿನ ಗಾಲಿ ತಿರುವಬೇಕಿತ್ತು. ದಿಮ್ಮಿ ಜಾರೂದು ನೋಡಿ, ಅಂಜಿ ಜಿಗದೆ. ಹತ್ತೊಂಬತ್ತು ವರ್ಷದಾಂವ ಇದ್ದೆ. ವಿಚಾರಣಿ ಸಾಹೇಬ್ರ ಮುಂದ ಸೀಟಿ ಕೇಳಲಿಲ್ಲ ಅಂದೆ."

ವಿದ್ಯಾವತಿ ಪೆನ್ನು ಕೆಳಗಿಟ್ಟಳು. "ನಮ್ಮವ್ವ ಸಣ್ಣಾಕಿ ಇದ್ದಾಗಿಂದ, ಇಬ್ಬರನ್ನ ಕೊಂದಾವನ ಮಗಳು ಅನಿಸ್ಕೊಂಡಾಳ್ರಿ."

"ಆಕಿ ಕಡೆ ಕರ್ಕೊಂಡು ನಡಿ. ಆಕಿ ಮುಂದ ಹೇಳತೇನಿ."

ದಾವಲಬಿ ಬೇಡವೆಂದು ಅತ್ತಳು. ಅವನು ಕೇಳಲಿಲ್ಲ. ಕೊನೆಗೆ ಬಾಡಿಗೆ ಜೀಪಿನಲ್ಲಿ ಅವಳೂ ಅವನ ಪಕ್ಕದಲ್ಲಿ ಕೂತಳು. ದಾರಿಯಲ್ಲಿ ಮುದುಕ ಎರಡು ಸಲ ಎದೆ ಒತ್ತಿಕೊಂಡ.

ಬಬಲೇಶ್ವರದಲ್ಲಿ ವಿದ್ಯಾವತಿಯ ತಾಯಿ ನೀಲಾಬಾಯಿ ಬಾಗಿಲಲ್ಲೇ ನಿಂತು ಅಮೀನಸಾಬನ ಮಾತೆಲ್ಲ ಕೇಳಿದಳು. ಒಳಗೆ ಬನ್ನಿ ಎನ್ನಲಿಲ್ಲ. ಓಣಿಯ ಕಟ್ಟೆಯ ಮೇಲಿದ್ದವರು ಇತ್ತ ತಿರುಗಿದ್ದರು.

"ಜೋರಾಗಿ ಹೇಳ್ರಿ," ಎಂದಳು. "ಇವರಿಗೆಲ್ಲಾ ಕೇಳ್ಲಿ."

ಅಮೀನಸಾಬ ಮಗಳ ಹೆಗಲು ಹಿಡಿದು ನೆಟ್ಟಗೆ ನಿಂತ. ಒಂದು ಮಾತೂ ಬಿಡದೆ ಇನ್ನೊಮ್ಮೆ ಹೇಳಿದ. ಆಗ ನೀಲಾಬಾಯಿ ಹೊಸ್ತಿಲ ಮೇಲೆ ಕುಸಿದು ಅತ್ತಳು. ಸ್ವಲ್ಪ ಹೊತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು, ಅವನತ್ತ ನೋಡದೆಯೇ ದಾವಲಬಿಗೆ ಹೇಳಿದಳು:

"ಬಿಸಲಾಗ ನಿಂದ್ರಸಬ್ಯಾಡವ್ವಾ. ಒಳಗ ಕರ್ಕೊಂಡು ಬಾ."

ಮರುದಿನ ವಿದ್ಯಾವತಿ ಆ ಅಧ್ಯಾಯವನ್ನು ಮೊದಲಿನಿಂದ ಬರೆದಳು. ಅಮೀನಸಾಬ ತನ್ನ ಹೆಸರನ್ನು ಮರೆಮಾಡಬೇಡವೆಂದು ಹೇಳಿ, ತನ್ನ ಹೇಳಿಕೆಗೆ ಸಹಿ ಮಾಡಿ ಕೊಟ್ಟಿದ್ದ.