ಕವನಾ ಕೈ ಬೀಸಿದ್ದು

ಮಂಡಗದ್ದೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಿರುವ ಧರ್ಮಪ್ಪ ಒಳ್ಳೆಯ ಮನುಷ್ಯ, ಆದರೆ ಮಾತಿನಲ್ಲಿ ಮಹಾ ಜಿಪುಣ. ವರ್ಷಗಟ್ಟಲೆ ಗಿರಣಿಯ ಗದ್ದಲದಲ್ಲಿ ನಿಂತವನು. ಅಲ್ಲಿ ಮಾತಾಡಿದರೂ ಯಾರಿಗೆ ಕೇಳಬೇಕು? ರಾಗಿ ತಂದವರಿಗೆ "ಸಂಜೆ", ಅಕ್ಕಿ ತಂದವರಿಗೆ "ನಾಳೆ", ಜಗಳಕ್ಕೆ ಬಂದವರಿಗೆ ಬರೀ ಒಂದು ನೋಟ. ಇಷ್ಟರಲ್ಲೇ ಅವನ ದಿನ ಮುಗಿಯುತ್ತಿತ್ತು. ಇನ್ನೊಂದು ಗುಣವೂ ಇತ್ತು. ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಡುವುದು. ಮದುವೆ ಮನೆಯವರು ಕೈಮುಗಿದು ಊಟ ಹೇಗಿತ್ತು ಎಂದು ಕೇಳಿದರೆ, "ಸಾರಿಗೆ ಉಪ್ಪು ಜಾಸ್ತಿ" ಎಂದು ಹೇಳಿ ಎಲೆಅಡಿಕೆ ಹಾಕಿಕೊಂಡು ಬರುವ ಆಸಾಮಿ. ಸುಳ್ಳು ಸಾಕ್ಷಿಗೆ ಅವನನ್ನು ಯಾರೂ ಕರೆಯುತ್ತಿರಲಿಲ್ಲ, ನಿಜ ಸಾಕ್ಷಿಗೆ ಕರೆಯುವುದಕ್ಕೂ ಹೆದರುತ್ತಿದ್ದರು.

ಇಂಥವನ ಪಾಲಿಗೆ ವರ್ಣನೆಯ ಕೆಲಸ ಬಂತು. ಹೆಂಡತಿ ಮೂಕಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗುತ್ತಾ ಬಂದು, ಮೂರು ವರ್ಷದ ಹಿಂದೆ ಪೂರ್ತಿ ಹೋಯಿತು. ಬೆಳಕು ಯಾವ ಕಡೆ, ಕತ್ತಲೆ ಯಾವ ಕಡೆ ಅನ್ನುವಷ್ಟು ಮಾತ್ರ ಗೊತ್ತಾಗುತ್ತಿತ್ತು. ಡಾಕ್ಟರುಗಳ ಹತ್ತಿರ ಅಲೆದದ್ದೆಲ್ಲ ಆಯಿತು. ಮೂಕಮ್ಮ ತಲೆ ಮೇಲೆ ಕೈ ಹೊತ್ತು ಕೂರುವ ಹೆಂಗಸಲ್ಲ. ತಡವಿಕೊಂಡೇ ಒಲೆ ಹಚ್ಚುವುದನ್ನು ಕಲಿತಳು, ಡಬ್ಬಿ ಅಲ್ಲಾಡಿಸಿ ಸಾಸಿವೆ ಯಾವುದು ಮೆಂತ್ಯ ಯಾವುದು ಅಂತ ಕಂಡುಹಿಡಿದಳು. ಗಂಡನಿಗೆ ಹೇಳಿದ್ದು ಒಂದೇ ಮಾತು: "ನಂಗೆ ಕಾಣ್ದೇ ಇರೋದನ್ನ ನೀವು ಹೇಳ್ತಾ ಇರಿ. ಅಷ್ಟು ಸಾಕು."

ಆ 'ಅಷ್ಟು' ಧರ್ಮಪ್ಪನಿಗೆ ಬೆಟ್ಟವಾಯಿತು.

"ಹೊರಗೆ ಯಾರು ಬಂದಿದ್ದು?"

"ಪುಷ್ಪಮ್ಮ."

"ಯಾವ ಸೀರೆ ಉಟ್ಕಂಡು ಬಂದಿದಾಳೆ?"

ಧರ್ಮಪ್ಪ ಬಹಳ ಹೊತ್ತು ಯೋಚಿಸಿ, "ಸೀರೆ" ಅನ್ನುತ್ತಿದ್ದ.

ಇವರಿಗೆ ಒಬ್ಬಳೇ ಮಗಳು, ಕವನಾ. ಅವಳ ಆಟ ನಡಿಗೆ. ನಡೆಯುವುದೂ ಒಂದು ಆಟವೇ ಎಂದು ಊರವರು ನಕ್ಕಿದ್ದರು. ಓಡುವ ಹಾಗಿಲ್ಲ, ಒಂದು ಕಾಲು ಸದಾ ನೆಲಕ್ಕೆ ತಾಗಿರಬೇಕು, ಆದರೂ ನಮ್ಮ ನಿಮ್ಮ ಓಟಕ್ಕಿಂತ ಜೋರಾಗಿ ಹೋಗಬೇಕು. ಹೈಸ್ಕೂಲಿನಲ್ಲಿ ಆಟ ಹೇಳಿಕೊಡುವ ಗಿರಿಧರ ಮೇಷ್ಟ್ರು ಅವಳ ಕಾಲನ್ನು ನೋಡಿ ಇದಕ್ಕೆ ಹಚ್ಚಿದ್ದರು. ಬೆಳಿಗ್ಗೆ ತೀರ್ಥಹಳ್ಳಿ ರಸ್ತೆಯಲ್ಲಿ ಸೊಂಟ ಆಡಿಸುತ್ತಾ ಹೋಗುವ ಹುಡುಗಿಯನ್ನು ಕಂಡು, "ಬಸ್ಸು ತಪ್ಪೋತಾ ಮಗಾ?" ಎಂದು ಕನಿಕರದಿಂದ ಬೈಕು ನಿಲ್ಲಿಸಿದವರು ಎಷ್ಟೋ ಜನ. ಆ ಹುಡುಗಿ ರಾಜ್ಯ ದಾಟಿದಳು, ಈಗ ದೇಶವನ್ನೂ ದಾಟಿ, ಪೂರ್ವ ದಿಕ್ಕಿನ ಒಂದು ದೊಡ್ಡ ನಗರದಲ್ಲಿ ನಡೆಯುವ ಅಂತರರಾಷ್ಟ್ರೀಯ ಕ್ರೀಡಾಕೂಟಕ್ಕೆ ಹೋಗಿದ್ದಳು. ನಕ್ಕವರೆಲ್ಲ ಈಗ 'ನಮ್ಮ ಹುಡುಗಿ' ಅನ್ನತೊಡಗಿದ್ದರು.

ಮಗಳು ಹೀಗೆ ಮೇಲೆ ಬಂದದ್ದೆಲ್ಲ ಮೂಕಮ್ಮನ ಕಣ್ಣು ಹೋದ ಮೇಲೆ. ದೇಶದ ಉಡುಪಿನಲ್ಲಿ ಮಗಳನ್ನು ಅವಳು ಒಂದು ಸಲವೂ ನೋಡಿರಲಿಲ್ಲ. ಆ ಉಡುಪನ್ನು ಮನೆಗೆ ತಂದಾಗ ಬಟ್ಟೆಯ ಮೇಲೆ ಕೈಯಾಡಿಸಿದ್ದಳು ಅಷ್ಟೆ. ಉದ್ಘಾಟನೆಗೆ ಒಂದು ವಾರ ಇರುವಾಗ ಗಂಡನನ್ನು ಹತ್ತಿರ ಕೂರಿಸಿಕೊಂಡು ಹೇಳಿದಳು.

"ಇವ್ರೇ, ಅವತ್ತು ಟಿವಿಯಲ್ಲಿ ಅವಳು ಬಂದಾಗ ಹೆಂಗೆ ಕಾಣ್ತಾಳೆ ಅಂತ ನಂಗೆ ಸರಿಯಾಗಿ ಹೇಳ್ಬೇಕು. ನಿಮ್ಮ ಗಿರಣಿ ಲೆಕ್ಕದಲ್ಲಿ ಒಂದೊಂದು ಮಾತು ಬ್ಯಾಡ. ನಂಗೆ ಅವಳು ಕಾಣ್ಬೇಕು."

ಮಾರನೆಯ ದಿನದಿಂದ ಧರ್ಮಪ್ಪ ಗಿರಣಿಯಲ್ಲಿ ಅಭ್ಯಾಸ ಶುರುಮಾಡಿದ. ಹಿಟ್ಟು ಮಾಡಿಸಲು ಬಂದವರನ್ನು ಕಣ್ಣು ಕಿರಿದು ಮಾಡಿ ನೋಡುತ್ತಾ, ಬೆಲ್ಟಿನ ಸದ್ದಿನ ಮರೆಯಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ: "ತಲೆ ಬೋಳು. ಅಂಗಿ ಬಿಳಿ. ಒಂದು ಗುಂಡಿ ಇಲ್ಲ." ಒಂದು ಮಧ್ಯಾಹ್ನ ಕರೆಂಟು ತಟ್ಟನೆ ಹೋಗಿ, ಎದುರಿಗಿದ್ದ ಹೋಟೆಲಿನ ವಾಸಪ್ಪನಿಗೆ ತನ್ನ ಹೊಟ್ಟೆಯ ವರ್ಣನೆ ಪೂರ್ತಿ ಕೇಳಿಸಿತು. "ಎಂತ ಆತು ಧರ್ಮಣ್ಣ, ಹುಷಾರಿದೀಯಾ?" ಎಂದು ವಾಸಪ್ಪ ಕೇಳಿದಾಗ ವಿಷಯ ಹೊರಬಿತ್ತು. ವಾಸಪ್ಪ ನಗಲಿಲ್ಲ. ಟಿವಿಯನ್ನು ಗಿರಣಿಯಲ್ಲೇ ಇಡೋಣ, ಎಲ್ಲರೂ ಒಟ್ಟಿಗೆ ನೋಡೋಣ, ನೀನು ತಡವರಿಸಿದರೆ ನಾವಿದ್ದೇವೆ ಎಂದ.

ಭಾನುವಾರ ಸಂಜೆ ಗಿರಣಿ ನಿಂತಿತು. ಟಿವಿ ತಕ್ಕಡಿಯ ಕಟ್ಟೆ ಏರಿತು. ಜನ ಅಕ್ಕಿ ಮೂಟೆ, ಡಬ್ಬ, ಸಿಕ್ಕಿದ್ದರ ಮೇಲೆಲ್ಲ ಕೂತರು. ಮುಂದಿನ ಕುರ್ಚಿಯಲ್ಲಿ ಮೂಕಮ್ಮ, ಪಕ್ಕದಲ್ಲಿ ಪರೀಕ್ಷೆಗೆ ಕೂತವನ ಮುಖ ಮಾಡಿಕೊಂಡು ಧರ್ಮಪ್ಪ. ಹಿಂದೆ ಗಿರಿಧರ ಮೇಷ್ಟ್ರು, ವಾಸಪ್ಪ, ಬಟ್ಟೆ ಹೊಲಿಯುವ ಪುಷ್ಪಮ್ಮ.

ಉದ್ಘಾಟನೆ ಆಟದ ಮೈದಾನದಲ್ಲಿ ಅಲ್ಲ, ಊರ ನಡುವೆ ಹರಿಯುವ ಹೊಳೆಯ ಮೇಲೆ ಎಂದು ಮೇಷ್ಟ್ರು ಮೊದಲೇ ಹೇಳಿದ್ದರು. ಒಂದೊಂದು ದೇಶದ ಆಟಗಾರರಿಗೆ ಒಂದೊಂದು ದೋಣಿ. ಸೇತುವೆಗಳ ಮೇಲೆ ಕುಣಿತ, ದಡದ ಮನೆಗಳ ಮಾಡಿನ ಮೇಲೆ ಹಾಡು, ನೀರಿನ ಮೇಲೆ ದೀಪದ ಗೋಪುರಗಳು. ಮಾಡಿದವರ ಧೈರ್ಯ ದೊಡ್ಡದು ಎಂದು ಯಾರೂ ಒಪ್ಪದೆ ಇರುವಂತಿರಲಿಲ್ಲ.

"ನಮ್ಮ ತುಂಗೇಲಿ ಆಷಾಢದಲ್ಲಿ ಹಿಂಗೆ ಬಿಟ್ಟಿದ್ರೆ," ಎಂದ ವಾಸಪ್ಪ, "ಅಷ್ಟೂ ದೇಶ ಶಿವಮೊಗ್ಗದಲ್ಲೇ ಹೋಗಿ ಇಳೀತಿತ್ತು."

"ಆ ಕುಣಿಯೋ ಹುಡುಗೀರ ಬಟ್ಟೆ ನೋಡಿ," ಎಂದು ಪುಷ್ಪಮ್ಮ ಮುಂದೆ ಬಾಗಿದಳು. "ಎಂಥಾ ಹೊಲಿಗೆ ಮಾರಾಯ್ರೆ! ಕೈ ಎತ್ತಿದ್ರೂ ಎಲ್ಲೂ ಎಳೀತಿಲ್ಲ."

"ಎಂತ ಕಾಣ್ತಿದೆ?" ಎಂದಳು ಮೂಕಮ್ಮ.

"ಹೊಳೆ," ಎಂದ ಧರ್ಮಪ್ಪ. ಹೆಂಡತಿ ಕಾದಳು. ಅವನು "ದೊಡ್ಡ ಹೊಳೆ" ಎಂದ.

ಅಷ್ಟರಲ್ಲಿ ಅಲ್ಲಿ ಮಳೆ ಶುರುವಾಯಿತು. ನೋಡನೋಡುತ್ತಿದ್ದಂತೆ ಜೋರಾಯಿತು. ದಡದ ಜನ ಕೊಡೆ ಬಿಚ್ಚಿದರು, ಪ್ಲಾಸ್ಟಿಕ್ ಹೊದ್ದರು. ಗಿರಣಿಯೊಳಗೆ ಮೊದಲು ನಗು ಎದ್ದಿತು; ಇಷ್ಟು ಮಳೆಗೆ ನಮ್ಮಲ್ಲಿ ಕೋಳಿಯೂ ಒಳಗೆ ಬರುವುದಿಲ್ಲ ಎಂದು ಯಾರೋ ಅಂದರು. ಆದರೆ ಸೇತುವೆಯ ಮೇಲೆ ಕುಣಿಯುವವರು ಕುಣಿತ ನಿಲ್ಲಿಸಲಿಲ್ಲ. ಒಬ್ಬಳು ಕಾಲು ಜಾರಿ ಬಿದ್ದು, ಬಿದ್ದಲ್ಲಿಂದಲೇ ಎದ್ದು ತಾಳಕ್ಕೆ ಸೇರಿಕೊಂಡಳು. ನಗು ತಾನಾಗಿ ನಿಂತಿತು.

ಮಳೆ ಬಂದದ್ದೇ ಧರ್ಮಪ್ಪನ ಬಾಯಿ ಬಿಡಿಸಿತು. ಮಳೆ ಅವನಿಗೆ ಗೊತ್ತಿದ್ದ ವಿಷಯ. "ಓರೆ ಹೊಡೀತಿದೆ ಕಣೆ, ಹೊಳೆ ಕಡೆಯಿಂದ ಬರ್ತದಲ್ಲ, ಹಂಗೆ. ನೀರಿನ ಮೇಲೆ ದೀಪ ಎಲ್ಲ ಚೂರು ಚೂರಾಗಿ ಕಾಣ್ತವೆ. ಒಬ್ಳು ಹುಡುಗಿ ಬಿದ್ಲು, ಎದ್ಲು. ಮುಖದ ಬಣ್ಣ ಎಲ್ಲ ಇಳ್ದಿದೆ, ಆದ್ರೂ ನಗ್ತಿದಾಳೆ." ಇಷ್ಟು ಮಾತು ತನ್ನಿಂದ ಹೊರಟದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು. ಮೂಕಮ್ಮ ತುಟಿ ಬಿಗಿಹಿಡಿದು ಕೇಳುತ್ತಿದ್ದಳು.

ದೋಣಿಗಳು ಒಂದರ ಹಿಂದೊಂದು ಬಂದವು. ಕಡೆಗೆ ಮೇಷ್ಟ್ರು, "ಬಂತು, ನಮ್ದು ಬಂತು!" ಎಂದು ಮೂಟೆಯಿಂದ ಎದ್ದೇ ನಿಂತರು.

ದೋಣಿ ಬಂದದ್ದು ನಿಜ. ಬಾವುಟ ಕಂಡಿತು, ಬಾವುಟ ಹಿಡಿದವರು ಕಂಡರು. ಹಿಂದೆ ಮಳೆಯಂಗಿ ಹಾಕಿಕೊಂಡ ತಲೆಗಳ ರಾಶಿ, ಬೀಸುವ ಕೈಗಳು. ಧರ್ಮಪ್ಪ ಕುರ್ಚಿಯ ಅಂಚಿಗೆ ಬಂದು ಒಂದೊಂದೇ ಮುಖ ಹುಡುಕಿದ. ಕ್ಯಾಮೆರಾ ಒಮ್ಮೆ ಎಡಕ್ಕೆ ಹೋಯಿತು, ಒಮ್ಮೆ ಬಲಕ್ಕೆ ಬಂತು, ಆಮೇಲೆ ದಡದ ಮೇಲೆ ಕೂತ ಯಾರೋ ದೊಡ್ಡವರ ಕಡೆ ತಿರುಗಿತು. ಮತ್ತೆ ಹೊಳೆಗೆ ಬರುವ ಹೊತ್ತಿಗೆ ಬೇರೆ ದೇಶದ ದೋಣಿ ಬಂದಾಗಿತ್ತು. ಕವನಾ ಕಾಣಲಿಲ್ಲ.

"ಕಂಡ್ಲಾ?" ಎಂದಳು ಮೂಕಮ್ಮ.

ಧರ್ಮಪ್ಪ ಹೆಂಡತಿಯ ಮುಖ ನೋಡಿದ. ಅದು ಟಿವಿಯ ಕಡೆ ಅಲ್ಲ, ತನ್ನ ಕಡೆ ತಿರುಗಿತ್ತು. ಮದುವೆ ಮನೆಯಲ್ಲೂ ಸುಳ್ಳಾಡದ ಮನುಷ್ಯ ಅವನು.

"ಕಂಡ್ಲು," ಎಂದ.

"ಹೌದಾ? ಹೆಂಗಿದಾಳೆ?"

"ದೋಣಿ ಅಂಚಿಗೆ ನಿಂತಿದಾಳೆ. ಪ್ಲಾಸ್ಟಿಕ್ ಟೊಪ್ಪಿ ಹಿಂದಕ್ಕೆ ಸರ್ಸಿದಾಳೆ, ಅವಳಿಗೆ ತಲೆ ಮೇಲೆ ಎಂತ ಇದ್ರೂ ಆಗ್ದಲ್ಲ. ಕೂದಲು ಪೂರಾ ಒದ್ದೆ. ಎರಡು ಸಲ ಕಿವಿ ಹಿಂದೆ ಸಿಕ್ಕಿಸ್ಕಂಡ್ಲು, ಮತ್ತೆ ಬಂತು. ನೀಲಿ ಕೋಟು. ಎದೆ ಮೇಲೆ ದೇಶದ ಹೆಸರು. ಆ ಕೋಟು ಭುಜಕ್ಕೆ ಚೂರು ದೊಡ್ಡದಾಗಿದೆ. ಒಂದು ಕಾಲ ಮೇಲೆ ಭಾರ ಬಿಟ್ಟು ನಿಂತಿದಾಳೆ, ನೀನು ಒಲೆ ಮುಂದೆ ನಿಲ್ತೀಯಲ್ಲ, ಹಂಗೆ. ನಗ್ತಿದಾಳೆ. ಬೇಕಂತ ನಗೋದಲ್ಲ, ತಡೀಲಿಕ್ಕಾಗ್ದೆ ಬರೋ ನಗೆ. ಆಮೇಲೆ ಕೈ ಬೀಸಿದ್ಲು."

ಮೊದಲು ಚೇತರಿಸಿಕೊಂಡವಳು ಪುಷ್ಪಮ್ಮ. ಕಣ್ಣು ಒರೆಸಿಕೊಂಡು, "ನಾನೂ ನೋಡ್ದೆ ಮೂಕಕ್ಕ! ಎಷ್ಟು ಲಕ್ಷಣವಾಗಿ ಕಾಣ್ತಿದ್ಲು ಅಂತೀನಿ. ಎಡಗಡೆ ತುದೀಲಿ ಇದ್ಲು" ಎಂದಳು.

"ಎಡಗಡೆ ಎಲ್ಲಿ? ಬಲಗಡೆ ಕಣೇ," ಎಂದು ವಾಸಪ್ಪ ತನ್ನ ಪಾಲಿನ ಪುಣ್ಯಕ್ಕೆ ಬಂದ. "ಅತ್ಗೆ, ನನ್ನ ಕಡೇನೇ ನೋಡಿದಂಗಾತು."

"ಬಾವುಟದ ಹಿಂದೇನೇ ಇದ್ಲು," ಎಂದರು ಮೇಷ್ಟ್ರು, ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಬುದ್ಧಿ ಹೇಳುವ ಮೇಷ್ಟ್ರು. "ಬೆನ್ನು ನೆಟ್ಟಗೆ ಇಟ್ಕೊಂಡಿದ್ಲು. ನಾನು ಹೇಳ್ಕೊಟ್ಟಿದ್ದು ಮರ್ತಿಲ್ಲ."

ಹೀಗೆ ಕವನಾ ಒಂದೇ ದೋಣಿಯ ಎಡಕ್ಕೂ ಬಲಕ್ಕೂ ನಡುವಿಗೂ ನಿಂತಳು. ಮೂಕಮ್ಮ ಬಿಡದೆ ಎಲ್ಲರನ್ನೂ ವಿಚಾರಿಸಿದಳು. ಜಡೆಯೋ ಬಿಚ್ಚು ಕೂದಲೋ? ಕೈ ಬೀಸಿದ್ದು ಯಾವ ಕೈ? ಒಬ್ಬೊಬ್ಬರೂ ಧಾರಾಳವಾಗಿ ಕೊಟ್ಟರು. ಧರ್ಮಪ್ಪ ಬೆವರು ಒರೆಸಿಕೊಳ್ಳುತ್ತಾ ಕೂತಿದ್ದ.

ವಾಸಪ್ಪ ಚಾ ಹಂಚುತ್ತಿದ್ದಾಗ ಫೋನು ಬಂತು. ಕವನಾ! ಗಿರಣಿಯ ಗದ್ದಲಕ್ಕೆ ಧರ್ಮಪ್ಪನ ಕಿವಿ ಮಂದವಾಗಿತ್ತು, ಹಾಗಾಗಿ ಅವನ ಫೋನು ಯಾವಾಗಲೂ ಸ್ಪೀಕರಿನಲ್ಲೇ. ಮಗಳ ದನಿ ಇಡೀ ಗಿರಣಿಗೆ ಕೇಳಿಸಿತು.

"ಅಪ್ಪಯ್ಯಾ, ನೋಡಿದ್ರಾ? ಎಷ್ಟು ಚೆನ್ನಾಗಿತ್ತಲ್ಲ! ನಾನೂ ರೂಮಲ್ಲೇ ಕೂತು ಟಿವೀಲಿ ನೋಡ್ದೆ."

"ರೂಮಲ್ಲಿ?" ಎಂದ ಧರ್ಮಪ್ಪ.

"ಹ್ಞೂಂ, ನಾಳೆ ಬೆಳಿಗ್ಗೇನೇ ನನ್ನ ಸ್ಪರ್ಧೆ ಅಲ್ವಾ, ಕೋಚ್ ದೋಣಿಗೆ ಬಿಡ್ಲಿಲ್ಲ. ಮಳೇಲಿ ಅಷ್ಟು ಹೊತ್ತು ನಿಂತ್ರೆ ಕಾಲು ಹಿಡ್ಕಳ್ತದೆ ಅಂದ್ರು. ಬೆಳಿಗ್ಗೆ ಅಮ್ಮಂಗೆ ಹೇಳಿದ್ನಲ್ಲ, ಹೇಳ್ಲಿಲ್ವಾ ಅಮ್ಮ?"

ವಾಸಪ್ಪನ ಕೈಯಲ್ಲಿದ್ದ ಚಾ ಲೋಟ ಅರ್ಧದಲ್ಲೇ ನಿಂತಿತು. ಪುಷ್ಪಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೇಷ್ಟ್ರು ಗಿರಣಿಯ ಮಾಡಿನ ಹಂಚು ಎಣಿಸತೊಡಗಿದರು. ಧರ್ಮಪ್ಪ ಹೆಂಡತಿಯ ಕಡೆ ತಿರುಗಿದ.

"ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು," ಎಂದಳು ಮೂಕಮ್ಮ. "ನೀವು ಗಿರಣೀಲಿದ್ದಾಗ ಫೋನ್ ಮಾಡಿದ್ಲು. ಹೇಳಣ ಅಂತಾನೇ ಬಂದೆ. ಬಾಗ್ಲಲ್ಲಿ ನಿಂತ್ರೆ, ಬೆಲ್ಟು ನಿಂತಿದ್ರೂ ನೀವು ಒಳಗೆ ಯಾರದ್ದೋ ಅಂಗಿ ಬಣ್ಣ ಹೇಳ್ಕಂತಿದ್ರಿ. ಒಂದು ವಾರದಿಂದ ಇದೇ ಆಗಿದೆ ಅಂತ ಪುಷ್ಪಮ್ಮನೂ ಹೇಳಿದ್ಲು. ಹೆಂಗೆ ಹೇಳ್ಲಿ? ಬಿಡು, ಇವ್ರು ಹೆಂಗೂ ಕಾಣ್ಲಿಲ್ಲ ಅಂತಾರೆ, ಅಲ್ಲಿಗೆ ಆತು ಅಂದ್ಕಂಡೆ." ಅವಳು ಗಂಡನ ಕಡೆ ಮುಖ ತಿರುಗಿಸಿದಳು. "ನೀವು ಕಂಡ್ಲು ಅಂದ್ರಿ."

ಧರ್ಮಪ್ಪ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡ.

"ನಂಗೆ ಅವಳು ಕಂಡ್ಲು ಇವ್ರೇ. ಆ ಕೋಟು ಭುಜಕ್ಕೆ ದೊಡ್ಡದಾಗಿದ್ದು ಸೈತ ಕಂಡ್ತು. ಕಣ್ಣು ಹೋದ ಮೇಲೆ ನಾನು ಇಷ್ಟು ಚಂದ ಎಂತದ್ದನ್ನೂ ನೋಡಿರ್ಲಿಲ್ಲ. ನಿಮ್ಮೆಲ್ಲರ ಹೊಟ್ಟೆ ತಣ್ಣಗಿರ್ಲಿ. ನನ್ನ ಮಗಳನ್ನ ಇಷ್ಟು ಜನ ನೋಡಿದ್ರಲ್ಲ."

ಫೋನಿನಲ್ಲಿ ಕವನಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಇಲ್ಲಿ ನಡೆದದ್ದೇನೆಂದು ಅವಳಿಗೂ ಅರ್ಥವಾಗಿತ್ತು.

"ಅಪ್ಪಯ್ಯ," ಎಂದಳು ಆಮೇಲೆ, ಮೆಲ್ಲಗೆ. "ಎಲ್ರೂ ಕೋಟು ಹಾಕ್ಕೊಂಡು ದೋಣಿ ಹತ್ಲಿಕ್ಕೆ ಹೋದ್ರು. ನಾನೂ ಹಾಕ್ಕೊಂಡು ಕನ್ನಡಿ ನೋಡ್ಕೊಂಡು ಬಿಚ್ಚಿಟ್ಟೆ. ಬೇಜಾರಾಯ್ತು. ಬೆಳಿಗ್ಗೆ ಅಮ್ಮನ ಹತ್ರ ಅತ್ತಿದ್ದೆ ಕೂಡ. ನಾನು ದೋಣೀಲಿ ಹೆಂಗಿದ್ದೆ, ನಂಗೂ ಹೇಳಿ."

ಧರ್ಮಪ್ಪ ಗಂಟಲು ಸರಿಮಾಡಿಕೊಂಡ. ಸುತ್ತ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಮೂಕಮ್ಮ ಕೈ ಚಾಚಿ ಅವನ ಮೊಣಕೈ ಹುಡುಕಿ ಹಿಡಿದುಕೊಂಡಳು.

"ಮಳೆ ಜೋರಿತ್ತು ಮಗಾ," ಎಂದು ಶುರುಮಾಡಿದ. "ನೀನು ದೋಣಿ ಅಂಚಿಗೆ ನಿಂತಿದ್ದೆ."

"ಎಡಗಡೆ," ಎಂದಳು ಪುಷ್ಪಮ್ಮ.

"ಬಲಗಡೆ," ಎಂದ ವಾಸಪ್ಪ.