ಒಂಬತ್ತು ದಿನದಲ್ಲಿ ಹದಿನೈದು ವರ್ಷದ ಕಡಲು

ನಾನು ಕಾಪುವಿನ ಭುಜಂಗ. ನನ್ನ ಹೆಸರು ಕೇಳಿದರೆ ಮಲ್ಪೆಯಿಂದ ಹೆಜಮಾಡಿಯವರೆಗಿನ ಬಂಗುಡೆಗಳು ತಾವಾಗಿ ಬಲೆಯ ಕಡೆ ತಿರುಗುತ್ತವೆ. ಇದನ್ನು ನಾನು ಹೇಳಿಕೊಳ್ಳುವುದಿಲ್ಲ, ಬಂಗುಡೆಗಳೇ ಹೇಳುತ್ತವೆ. ಆದರೆ ಈಗ ಹೇಳಹೊರಟಿರುವುದು ನನ್ನ ಅಕ್ಕ ಕಮಲಳ ಮಗಳು ಹರ್ಷಿಣಿಯ ಸಂಗತಿ. ಅದರಲ್ಲಿ ನನ್ನ ಪಾಲು ಮುಕ್ಕಾಲು ಮಾತ್ರ.

ಹರ್ಷಿಣಿ ಮಣಿಪಾಲದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಕಡಲಿನ ಆಳದಲ್ಲಿ ಆಮ್ಲಜನಕ ಕಡಿಮೆಯಾದರೆ ಮೀನು ಎತ್ತ ಹೋಗುತ್ತದೆ ಎಂಬುದು ಅವಳ ವಿಷಯ. ನನ್ನನ್ನು ಕೇಳಿದ್ದರೆ ಒಂದು ಬೀಡಿ ಮುಗಿಯುವುದರೊಳಗೆ ಹೇಳಿಬಿಡುತ್ತಿದ್ದೆ. ಅವಳು ಕೇಳಲಿಲ್ಲ, ಎರಡು ವರ್ಷ ಓದಿದಳು. ಆ ಸಲ ಗೋವಾದಿಂದ ಹೊರಡುವ ಸಂಶೋಧನಾ ಹಡಗೊಂದರಲ್ಲಿ ಮೂವತ್ತು ದಿನ ಅರಬ್ಬೀ ಸಮುದ್ರ ಸುತ್ತಲು ಅವರ ವಿಭಾಗಕ್ಕೆ ಒಂದೇ ಒಂದು ಜಾಗ ಸಿಕ್ಕಿತ್ತು. ಕೇಳಿದವರು ಇಬ್ಬರು, ನಮ್ಮ ಹರ್ಷಿಣಿ ಮತ್ತು ಕಾರ್ಕಳದ ಅಖಿಲ್. ಆರಿಸುವವರು ಅವರ ಪ್ರೊಫೆಸರ್ ಪ್ಯಾಟ್ರಿಶಿಯಾ ಮೇಡಂ.

ಇಂಥ ಹೊತ್ತಿನಲ್ಲಿ ಸೋದರಮಾವ ಕೈಕಟ್ಟಿ ಕೂರುವುದುಂಟೇ? ನನ್ನಷ್ಟೇ ಉದ್ದದ ಒಂದು ಅಂಜಲ್ ಮೀನನ್ನು ಹೆಗಲ ಮೇಲೆ ಹಾಕಿಕೊಂಡು ಮಣಿಪಾಲದ ಬಸ್ ಹತ್ತಿದೆ. ಕಂಡಕ್ಟರ್ ಮೀನಿಗೂ ಟಿಕೆಟ್ ಕೇಳಿದ. ಅದು ಕಿಟಕಿ ಪಕ್ಕದ ಸೀಟಿನಲ್ಲಿ ನನಗಿಂತ ನೆಟ್ಟಗೆ ಕೂತಿದ್ದರಿಂದ ನಾನು ವಾದ ಮಾಡಲಿಲ್ಲ. ಮೇಡಂ ಮೀನು ಬೇಡವೆಂದರು, ಚಹಾ ಕೊಟ್ಟರು. ಚಹಾ ಒಳಗೆ ಹೋದ ಮೇಲೆ ನನ್ನ ಬಾಯಿ ನನ್ನ ಕೈಯಲ್ಲಿ ಇರುವುದಿಲ್ಲ. ಹರ್ಷಿಣಿ ಎಂಟನೆಯ ವಯಸ್ಸಿನಿಂದ ನನ್ನ ಜೊತೆ ಕಡಲಿಗೆ ಬರುತ್ತಿದ್ದಾಳೆ ಎಂದೆ. ಗಾಳಿಯ ವಾಸನೆ ಹಿಡಿದು ನಾಳೆಯ ಅಲೆ ಹೇಳುತ್ತಾಳೆ ಎಂದೆ. ಹತ್ತನೇ ವಯಸ್ಸಿನಲ್ಲಿ ಒಂದು ತಿಮಿಂಗಿಲಕ್ಕೆ ಬೈದು ದಾರಿ ಬಿಡಿಸಿದ್ದಾಳೆ ಎಂದೂ ಹೇಳಿದೆನೋ ಏನೋ. ಮೇಡಂ ಗಂಭೀರವಾಗಿ ತಲೆಯಾಡಿಸಿ ಅರ್ಜಿಯ ಮೇಲೆ ಬರೆದುಕೊಂಡರು: ಸಮುದ್ರದ ಅನುಭವ, ಹದಿನೈದು ವರ್ಷ.

ನಿಜ ಸಂಗತಿ ಏನೆಂದರೆ, ನಮ್ಮ ಮನೆಯಲ್ಲಿ ಹೆಂಗಸರು ದೋಣಿಗೆ ಕಾಲಿಡುವುದಿಲ್ಲ. ಗಂಡಸರು ಹಿಡಿದು ತರುತ್ತಾರೆ, ಹೆಂಗಸರು ಬುಟ್ಟಿಗೆ ತುಂಬಿ ಮಾರುತ್ತಾರೆ. ಕಡಲ ದಡದಲ್ಲೇ ಹುಟ್ಟಿ ಬೆಳೆದ ಹರ್ಷಿಣಿಗೆ ಕಡಲು ಮೊಣಕಾಲಿನವರೆಗೆ ಮಾತ್ರ ಗೊತ್ತು. ಇನ್ನೂ ನಿಜ ಹೇಳಬೇಕೆಂದರೆ, ಅವಳಿಗೆ ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ಬಸ್ಸಿನಲ್ಲೇ ವಾಂತಿ ಬರುತ್ತದೆ.

ಆ ಸಂಜೆ ಅವಳು ಮನೆಗೆ ಬಂದವಳು ಚೀಲವನ್ನೂ ಇಳಿಸಲಿಲ್ಲ. ಹತ್ತು ದಿನ ಕಳೆದು ಮಲ್ಪೆಯಿಂದ ಬೋಟಿನಲ್ಲಿ ಪರೀಕ್ಷೆಯಂತೆ. ಬೆಳಗ್ಗೆಯಿಂದ ಸಂಜೆಯವರೆಗೆ ನೀರಿನ ಮಾದರಿ ತೆಗೆಯಬೇಕು. ಯಾರು ಕೆಲಸ ಬಿಡದೆ ಸರಿಯಾಗಿ ಮಾಡುತ್ತಾರೋ ಅವರಿಗೆ ಹಡಗಿನ ಜಾಗ.

"ಹದಿನೈದು ವರ್ಷದ ಅನುಭವ ಇರುವವಳಿಗೆ ಇದು ಆಟ ಅಂತ ಮೇಡಂ ಎಲ್ಲರೆದುರು ಹೇಳಿದರು ಮಾವ," ಎಂದಳು. "ನನಗೆ ಆ ಹಡಗು ಬೇಕು. ನೀವು ಬಾಯಲ್ಲಿ ನನ್ನನ್ನು ಕಳಿಸಿದ ಕಡಲಿಗೆ ಈಗ ನಾನು ನಿಜವಾಗಿ ಹೋಗಬೇಕು. ನಾಳೆಯಿಂದ ನನ್ನನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿ."

ನಾನು ಸಂಪ್ರದಾಯ ಎಂದೆ, ನಮ್ಮ ದೋಣಿಯ ಹಿರಿಯ ಕಿಟ್ಟಣ್ಣ ಒಪ್ಪುವುದಿಲ್ಲ ಎಂದೆ, ಮೀನು ಕೋಪಿಸಿಕೊಳ್ಳುತ್ತದೆ ಎಂದೆ. ಒಳಗೆ ಬುಟ್ಟಿ ತೊಳೆಯುತ್ತಿದ್ದ ಕಮಲಕ್ಕ ಕೈ ಒರೆಸಿಕೊಂಡು ಹೊರಗೆ ಬಂದಳು. ಉಡುಪಿಯ ಮೀನು ಮಾರುಕಟ್ಟೆಯಲ್ಲಿ ಅವಳು ಒಮ್ಮೆ ಬೆಲೆ ಹೇಳಿದರೆ ಲಾರಿಗಳು ಹಾರ್ನ್ ಹೊಡೆಯುವುದನ್ನು ನಿಲ್ಲಿಸುತ್ತವೆ.

"ಭುಜಂಗ, ದೋಣಿ ಯಾರ ಹೆಸರಲ್ಲಿ ಉಂಟು?"

"ನಿನ್ನ ಹೆಸರಲ್ಲಿ, ಅಕ್ಕ."

"ಅದನ್ನು ನೀರಿಗೆ ಇಳಿಸುವಾಗ ಕಾಯಿ ಒಡೆದದ್ದು ಯಾರು?"

"ನೀನೇ."

"ಮತ್ತೆ ನನ್ನ ದೋಣಿಗೆ ನನ್ನ ಮಗಳು ಹತ್ತಲಿಕ್ಕೆ ನಿನ್ನದು ಎಂತ ಮಾರಾಯ?"

ನಮ್ಮ ಕಡೆ ದೋಣಿ ಹೆಂಗಸಿನ ಹೆಸರಿನಲ್ಲಿರುವುದು ಹೊಸತಲ್ಲ, ಆಸ್ತಿ ಅವರ ಕಡೆಯಿಂದಲೇ ಬರುವುದು. ಆದರೆ ಆ ಹೆಸರನ್ನು ಹಿಡಿದು ಯಾರೂ ಹೀಗೆ ದೋಣಿ ಹತ್ತಿರಲಿಲ್ಲ. ಕಿಟ್ಟಣ್ಣನಿಗೆ ವಿಷಯ ಹೇಳಿದರೆ ಅವರು ತಂಬಾಕು ಉಗಿದು, ಯಜಮಾನತಿ ಹೇಳಿದ ಮೇಲೆ ಮುಗಿಯಿತು, ಹುಡುಗಿ ತಲೆಗೆ ಬಟ್ಟೆ ಕಟ್ಟಿಕೊಂಡು ಬರಲಿ ಎಂದರು.

ಮೊದಲ ದಿನ ಅವಳು ಮಾಡಿದ ವಾಂತಿಗೆ ಕಾಪು ದೀಪಸ್ತಂಭದ ಬುಡದಲ್ಲಿ ನೀರು ಎರಡು ಇಂಚು ಏರಿತು. ಎರಡನೇ ದಿನ ಮೂರು ಇಂಚು. ಮೂರನೇ ದಿನ ದೋಣಿಯ ತಳದಲ್ಲಿ ಮಲಗಿದವಳನ್ನು ಕಿಟ್ಟಣ್ಣ ಎಬ್ಬಿಸಿದರು. ಮಲಗಿದರೆ ಕಡಲು ಹೊಟ್ಟೆಯೊಳಗೆ ಬರುತ್ತದೆ, ದೂರದ ದೀಪಸ್ತಂಭ ನೋಡುತ್ತಾ ನಿಲ್ಲು, ಕೈಗೆ ಕೆಲಸ ಕೊಡು ಎಂದು ಬಲೆಯ ಹಗ್ಗ ಹಿಡಿಸಿದರು. ಅವಳು ಹಗ್ಗ ಎಳೆದಳು, ಬದಿಗೆ ಬಗ್ಗಿ ವಾಂತಿ ಮಾಡಿದಳು, ಬಾಯಿ ತೊಳೆದು ಮತ್ತೆ ಎಳೆದಳು. ವಾಂತಿ ನಿಲ್ಲಲಿಲ್ಲ. ಆದರೆ ಆರನೇ ದಿನದ ಹೊತ್ತಿಗೆ ಕೆಲಸವೂ ನಿಲ್ಲುತ್ತಿರಲಿಲ್ಲ. ಒಳನೀರಿನ ಸೆಳೆತ ಎತ್ತ ಉಂಟೆಂದು ಹಗ್ಗದ ಓರೆ ನೋಡಿ ಹೇಳುವುದನ್ನು ಕಿಟ್ಟಣ್ಣ ಅವಳಿಗೆ ಕಲಿಸಿದರು. ನಾನು ಕಲಿಸಿದೆ ಎಂದು ಊರಿಗೆಲ್ಲ ಹೇಳಿದ್ದೇನೆ, ಇಲ್ಲಿ ಮಾತ್ರ ಕಿಟ್ಟಣ್ಣ ಎಂದು ಬರೆದಿದ್ದೇನೆ.

ಈ ನಡುವೆ ಒಂದು ದಿನ ನಾನು ಎದುರಾಳಿ ಎಂಥವನೆಂದು ತಿಳಿಯಲು ಗುಟ್ಟಾಗಿ ಕಾರ್ಕಳಕ್ಕೆ ಹೋದೆ. ಅಖಿಲನ ಅಪ್ಪನದು ಕಲ್ಲು ಒಡೆದು ತೆಗೆಯುವ ಕೋರೆ. ಹೊಂಡ ಬಿದ್ದ ಕೋರೆದಾರಿಯಲ್ಲಿ ಲಾರಿ ಕುಣಿಯುತ್ತಾ ಬರುತ್ತಿತ್ತು. ಅದರ ಹಿಂಬದಿಯಲ್ಲಿ ಕಲ್ಲುಗಳ ನಡುವೆ ಒಬ್ಬ ಹುಡುಗ ಯಾವುದನ್ನೂ ಹಿಡಿಯದೆ ನಿಂತು ಚಹಾ ಕುಡಿಯುತ್ತಿದ್ದ. ಒಂದು ತೊಟ್ಟೂ ಚೆಲ್ಲಲಿಲ್ಲ. ಅವನೇ ಅಖಿಲ್. ನನ್ನ ಎದೆ ಬಡಿತ ಮೂಡಬಿದಿರೆಗೆ ಕೇಳಿಸಿರಬೇಕು.

ಪರೀಕ್ಷೆಯ ದಿನ ಬಂತು. ಬೋಟಿನವರಿಗೆ ನನ್ನ ಖ್ಯಾತಿ ಗೊತ್ತಿದ್ದುದರಿಂದ, ಮತ್ತು ನಾನು ಮೂರು ದಿನ ಅವರ ಬೆನ್ನು ಬಿಡದಿದ್ದುದರಿಂದ, ಸ್ಟೇರಿಂಗ್ ನನ್ನ ಕೈಗೆ ಬಂದಿತ್ತು. ಬೋಟ್ ಬಿಡುವ ಮೊದಲೇ ಹರ್ಷಿಣಿ ಮೇಡಂ ಎದುರು ಹೋಗಿ ನಿಂತಳು.

"ಮೇಡಂ, ಹದಿನೈದು ವರ್ಷ ಅಂತ ಮಾವ ಹೇಳಿದ್ದು ಸುಳ್ಳು. ನಾನು ಕಡಲಿಗೆ ಹೋದದ್ದು ಒಂಬತ್ತು ದಿನ. ವಾಂತಿ ಬರುತ್ತದೆ, ಇವತ್ತೂ ಬರಬಹುದು. ಆದರೂ ಕೆಲಸ ಮಾಡುತ್ತೇನೆ."

ನಾನು ಎಂಜಿನ್ನಿನಲ್ಲಿ ಏನೋ ದೋಷ ಹುಡುಕುವವನಂತೆ ಬಗ್ಗಿದೆ. ಮೇಡಂ ನನ್ನ ಬೆನ್ನನ್ನು ನೋಡಿದರು.

"ತಿಮಿಂಗಿಲದ್ದು?"

"ಅದೂ ಸುಳ್ಳು."

"ಅದು ನನಗೆ ಗೊತ್ತಿತ್ತು. ಬಾ, ಬಾಟಲಿಗಳನ್ನು ಎಣಿಸು," ಎಂದರು ಮೇಡಂ.

ಕೆಲಸ ಹೇಳಲು ಸುಲಭ. ಎರಡೂ ಬದಿ ತೆರೆದ ದಪ್ಪ ಬಾಟಲಿಯನ್ನು ಹಗ್ಗದಲ್ಲಿ ಇಪ್ಪತ್ತು ಮೀಟರ್ ಇಳಿಸಬೇಕು. ಮೇಲಿಂದ ಹಗ್ಗದ ಗುಂಟ ಒಂದು ಕಬ್ಬಿಣದ ತುಂಡನ್ನು ಜಾರಿಸಿದರೆ ಅದು ಹೋಗಿ ಬಡಿದು ಬಾಟಲಿ ಮುಚ್ಚುತ್ತದೆ, ಆ ಆಳದ ನೀರು ಮೇಲೆ ಬರುತ್ತದೆ. ಇಬ್ಬರೂ ಸರದಿಯಲ್ಲಿ ಹತ್ತು ಹತ್ತು ಸಲ ತೆಗೆಯಬೇಕು. ಅಖಿಲ್ ಮಧ್ಯಾಹ್ನದವರೆಗೆ ಕಲ್ಲಿನ ಕಂಬದಂತೆ ನಿಂತ. ಬೋಟಿನಲ್ಲಿ ಚಹಾ ಕೂಡ ಕೇಳಿದ. ನಮ್ಮವಳು ಪ್ರತಿ ಬಾಟಲಿಗೆ ಒಂದು ಸಲದ ಹಾಗೆ ಬಕೆಟ್ಟಿಗೆ ಬಗ್ಗಿದಳು. ಮುಖ ಸೋರೆಕಾಯಿಯ ಹಾಗೆ ಬಿಳಿಚಿಕೊಂಡಿತ್ತು. ಆದರೆ ಹಗ್ಗ ಕೈಬಿಡಲಿಲ್ಲ.

ಮಧ್ಯಾಹ್ನ ಗಾಳಿ ಎದ್ದಿತು. ನಾನು ಉತ್ಪ್ರೇಕ್ಷೆ ಮಾಡುವವನಲ್ಲ, ಅಲೆಗಳು ಉಡುಪಿಯ ರಥಬೀದಿಯ ಮಾಳಿಗೆಗಳಷ್ಟು ಎತ್ತರವಿದ್ದವು. ಅಖಿಲ್ ಹಗ್ಗ ಇಳಿಸಿ, ಇಪ್ಪತ್ತರ ಗುರುತು ನೋಡಿ, ತುಂಡು ಜಾರಿಸಿ ನೀರು ತೆಗೆದ. ಆಮೇಲೆ ಹರ್ಷಿಣಿಯ ಸರದಿ. ಅವಳೂ ಇಪ್ಪತ್ತರ ಗುರುತಿನವರೆಗೆ ಇಳಿಸಿದಳು, ತುಂಡು ಮಾತ್ರ ಜಾರಿಸಲಿಲ್ಲ. ಹಗ್ಗವನ್ನೇ ನೋಡುತ್ತಾ ನಿಂತಳು. ಅದು ನೆಟ್ಟಗೆ ಕೆಳಗೆ ಹೋಗುವ ಬದಲು ಬೋಟಿನ ಹಿಂದೆ ಓರೆಯಾಗಿ ಎಳೆದುಕೊಂಡಿತ್ತು.

"ಹಗ್ಗ ಇಪ್ಪತ್ತು ಮೀಟರ್ ಹೋಗಿದೆ, ಬಾಟಲಿ ಹೋಗಿಲ್ಲ," ಎಂದಳು. "ಸೆಳೆತ ಅದನ್ನು ಮೇಲೆತ್ತಿ ಹಿಡಿದಿದೆ. ಇದು ಹದಿನಾಲ್ಕು ಮೀಟರಿನ ನೀರು." ಆಮೇಲೆ ತಿರುಗಿ ನನ್ನ ಮೇಲೆ ಗದರಿದಳು. "ಮಾವ, ಬೋಟಿನ ಮೂತಿ ತೆಂಕಕ್ಕೆ ತಿರುಗಿಸಿ, ಸೆಳೆತದ ಜೊತೆ ನಿಧಾನಕ್ಕೆ ಹೋಗಿ. ನಾನು ಹೇಳುವವರೆಗೆ ನಿಲ್ಲಿಸಬೇಡಿ."

ಮೂವತ್ತೈದು ವರ್ಷದಲ್ಲಿ ಬೋಟಿನ ಮೇಲೆ ನನಗೆ ಹೀಗೆ ಆಜ್ಞೆ ಮಾಡಿದವರಿಲ್ಲ. ನಾನು ತಿರುಗಿಸಿದೆ. ಬೋಟ್ ಸೆಳೆತದೊಡನೆ ತೇಲುತ್ತಿದ್ದಂತೆ ಹಗ್ಗ ನಿಧಾನವಾಗಿ ನೆಟ್ಟಗಾಯಿತು, ಬಾವಿಗೆ ಇಳಿಬಿಟ್ಟ ಹಾಗೆ. ಅವಳು ತುಂಡು ಜಾರಿಸಿದಳು. ಬಾಟಲಿ ಮುಚ್ಚಿದ್ದು ಹಗ್ಗ ಹಿಡಿದ ಬೆರಳಿಗೆ ಗೊತ್ತಾಗುತ್ತದೆ, ಅವಳ ಮುಖದಲ್ಲಿ ನನಗೆ ಗೊತ್ತಾಯಿತು. ಎಳೆದು ಮೇಲೆ ಹಾಕಿ, ಬಕೆಟ್ಟಿಗೆ ಬಗ್ಗಿ, ಎದ್ದು, ಮಾದರಿಯ ಮೇಲೆ ಸಮಯ ಬರೆದಳು. ಅಖಿಲ್ ತನ್ನ ಬಾಟಲಿಯ ನೀರನ್ನು ತಾನೇ ಕಡಲಿಗೆ ಚೆಲ್ಲಿದ. ನಿನ್ನ ಹಾಗೆಯೇ ಇನ್ನೊಮ್ಮೆ ತೆಗೆಯುತ್ತೇನೆ, ತೋರಿಸು ಎಂದ. ಒಳ್ಳೆಯ ಹುಡುಗ, ಕಾರ್ಕಳದವನಾದರೂ.

ದಡಕ್ಕೆ ಬಂದಾಗ ಮೇಡಂ ಎಲ್ಲರೂ ಇಳಿಯುವವರೆಗೆ ಕಾದರು.

"ಹೊಟ್ಟೆ ಗಟ್ಟಿ ಇರುವವರು ಹಡಗಿನಲ್ಲಿ ಬೇಕಾದಷ್ಟು ಮಂದಿ ಇರುತ್ತಾರೆ," ಎಂದರು. "ತಪ್ಪು ನೀರನ್ನು ಸರಿ ಎಂದು ಬರೆಯದವರು ಬೇಕು. ಹರ್ಷಿಣಿ, ಡಿಸೆಂಬರಿಗೆ ಸಿದ್ಧಳಾಗು."

ದಡದಲ್ಲಿ ಕಾದಿದ್ದ ಕಿಟ್ಟಣ್ಣ ಆ ಸುದ್ದಿಯನ್ನು ಬೋಟು ಕಟ್ಟುವ ದಕ್ಕೆಯ ಈ ತುದಿಯಲ್ಲಿ ಹೇಳಿದರು. ಆ ತುದಿಗೆ ತಲಪುವಾಗ ಹರ್ಷಿಣಿ ಹಡಗಿನ ಕ್ಯಾಪ್ಟನ್ ಆಗಿದ್ದಳು. ಅದರಲ್ಲಿ ನನ್ನ ಕೈವಾಡ ಇಲ್ಲ, ನಾನು ನಡುವೆ ಎಲ್ಲೋ ನಿಂತಿದ್ದೆ ಅಷ್ಟೇ.

ಡಿಸೆಂಬರಿನಲ್ಲಿ ಗೋವಾಕ್ಕೆ ಹೊರಟವರು ಹನ್ನೊಂದು ಮಂದಿ, ಬಂದರಿನೊಳಗೆ ಪಾಸ್ ಸಿಕ್ಕಿದ್ದು ಇಬ್ಬರಿಗೆ, ಅಕ್ಕನಿಗೆ ಮತ್ತು ನನಗೆ. ಹಡಗು ಕಾಪುವಿನ ಪೇಟೆಗಿಂತ ದೊಡ್ಡದಿತ್ತು. ಹರ್ಷಿಣಿ ಹೆಲ್ಮೆಟ್ ತೊಟ್ಟು ಏಣಿ ಹತ್ತಿದಳು, ಮೇಲೆ ಯಾರೋ ಅವಳ ಕೈಗೆ ಹಗ್ಗದ ತುದಿ ಕೊಟ್ಟರು, ಅವಳು ನಮ್ಮ ಕಡೆ ನೋಡಲು ಪುರುಸೊತ್ತಿಲ್ಲದೆ ಕೆಲಸಕ್ಕೆ ಹಿಡಿದಳು. ಹಡಗು ಮೂರು ಸಲ ಕೂಗು ಹಾಕಿತು. ಕಮಲಕ್ಕ ಅದಕ್ಕಿಂತ ದೊಡ್ಡ ದನಿಯಲ್ಲಿ, ಇಡೀ ಬಂದರು ತಿರುಗಿ ನೋಡುವ ಹಾಗೆ, ಹಡಗಿನವರಿಗೆ ಹೇಳಿದಳು:

"ಅದು ನನ್ನ ಮಗಳು. ಅವಳು ಹೇಳಿದ ಕಡೆಗೆ ತಿರುಗಿಸಿ."