ಗೋಡೆಯಾಚೆಯ ದೋಟಿ

ನನ್ನ ಚಿಂತೆ ಬಹಳ ಸಣ್ಣದು, ಹೇಳಿಕೊಂಡರೆ ನಗುತ್ತಾರೆ: ಸುಣ್ಣದ ಕುಂಚ ಹಿಡಿದು ಎಳೆದರೆ ನನ್ನ ಗೆರೆ ಸೊಟ್ಟಗಾಗುತ್ತದೆ, ಅದನ್ನು ಎಲ್ಲರೂ ನೋಡುತ್ತಾರೆ. ಡಿಗ್ರಿ ಮುಗಿಸಿ ಬಂದವಳೆಂದು ಈ ವರ್ಷ ಕುಂಚವನ್ನು ನನಗೇ ಕೊಟ್ಟಿದ್ದರು.

ಸತ್ತವರ ಹಬ್ಬಕ್ಕೆ ಮುಂಚಿನ ಶನಿವಾರ ನಮ್ಮ ಚರ್ಚಿನ ಸ್ಮಶಾನದಲ್ಲಿ ಪ್ರತಿ ಮನೆಯವರೂ ತಮ್ಮವರ ಸಮಾಧಿಯ ಕಳೆ ಕೀಳಬೇಕು. ಕೀಳದೆ ಬಿಟ್ಟದ್ದರ ತಲೆಯ ಕಡೆ ಸುಣ್ಣದ ಗೆರೆ ಬೀಳುತ್ತದೆ. ಗೆರೆ ಬಿದ್ದ ಜಾಗ ಆಮೇಲೆ ಯಾರದ್ದೂ ಅಲ್ಲ. ಹೊಸ ಹೆಣಕ್ಕೆ ಅಗೆಯಬಹುದು. ಗೋಡೆಯೊಳಗೆ ಬೇರೆ ಜಾಗವೇ ಉಳಿದಿಲ್ಲ. ನನ್ನ ಅಜ್ಜಿ ಆಗಸ್ಟಿನಿಂದ ಶವಾಗಾರದ ಐಸಿನಲ್ಲಿದ್ದಾಳೆ, ದೂರದ ಕುಮಾಸಿ ನಗರದಿಂದ ಮಾವಂದಿರು ಬಂದು, ಹೂಳುವ ದಿನಕ್ಕೆಂದು ಎಲ್ಲರಿಗೂ ಒಂದೇ ಬಟ್ಟೆಯ ಉಡುಪು ಹೊಲಿಸಿ ಆಗುವವರೆಗೆ. ಅವಳಿಗೂ ಜಾಗ ಬೇಕು.

ಎಕುವಾ ಮೀನನ್ನು ಹೊಗೆಯಲ್ಲಿ ಒಣಗಿಸಿ ಮಾರುವವಳು. ಚರ್ಚಿನಲ್ಲಿ ಮದುವೆಯಾಗದೆ ಗಂಡಸಿನ ಜೊತೆ ಇದ್ದಾಳೆಂದು ಅವಳು ಆ ದಿನ ಗೇಟು ದಾಟುವಂತಿಲ್ಲ. ಜ್ಞಾನಸ್ನಾನ ಆಗಿತ್ತಾದ್ದರಿಂದ ಅವಳ ಮಗ ಕೋಬಿನಾನನ್ನು ಮಾತ್ರ ಒಳಗೆ, ಗೋಡೆಯ ಪಕ್ಕ ಹೂಳಿದ್ದರು. ಅವಳು ಹೊರಗೆ ಡ್ರಮ್ಮಿನ ಮೇಲೆ ನಿಂತು, ಪಪ್ಪಾಯಿ ಕೀಳುವ ದೋಟಿಯನ್ನು ಗೋಡೆಯ ಮೇಲಿಂದ ಇಳಿಸಿ, ಒಂದೊಂದೇ ಹುಲ್ಲನ್ನು ಕೊಕ್ಕೆಗೆ ಸಿಕ್ಕಿಸಿ ಎಳೆಯುತ್ತಿದ್ದಳು.

"ಏನೇ ಎಕುವಾ, ಮಗನಿಗೆ ಗಾಳ ಹಾಕ್ತಿದೀಯಾ?" ಎಂದಳು ಒಳಗೆ ಕಳೆ ಕೀಳುತ್ತಿದ್ದ ಆಂಟಿ ಬೆಂಟ್ಸಿವಾ.

"ಸಿಕ್ಕಿದ್ರೆ ಹೊಗೆಗೆ ಇಡ್ಬೇಡ, ಮಾರಾಯ್ತಿ!" ಇನ್ನೊಬ್ಬಳು. ಹೆಂಗಸರು ಕಳೆ ಕೊಚ್ಚುವ ಕತ್ತಿ ಊರಿಕೊಂಡು ನಕ್ಕರು.

"ನಗ್ರಮ್ಮ, ನಗ್ರಿ. ನನ್ ಕೆಲ್ಸ ಮುಗೀಲಿ."

ಮುಗಿಯಿತು. ಕೆಂಪು ಮಣ್ಣು ಕಾಣುವಷ್ಟು ಶುಚಿಯಾಯಿತು. ಅವಳು ಗೋಡೆ ಸುತ್ತಿ ಗೇಟಿಗೆ ಬರುವಷ್ಟರಲ್ಲಿ, ತಾಯಂದಿರ ಸಂಘದ ಅಧ್ಯಕ್ಷೆ, ಅಂದರೆ ನನ್ನ ಅಮ್ಮ, ಬೇರೆ ಸಮಾಧಿಗಳಿಂದ ಕಿತ್ತ ಹುಲ್ಲನ್ನು ತಬ್ಬಿ ತಂದು ಆ ಪುಟ್ಟ ದಿಬ್ಬದ ಮೇಲೆ ಸುರಿದಳು. ಬೇರಿದ್ದ ಕೆಲವನ್ನು ಹಿಮ್ಮಡಿಯಿಂದ ಒತ್ತಿ ನೆಟ್ಟಳು.

"ಇಲ್ಲಿ ಅಜ್ಜಿಗೆ ನೆರಳಿರತ್ತೆ," ಎಂದು ನನಗೆ ಹೇಳಿ ಕೈ ಕೊಡವಿಕೊಂಡಳು.

ಗೆರೆ ಎಲ್ಲಿ ಬೀಳಬೇಕೆಂದು ಹೇಳುವ ಚರ್ಚಿನ ಉಪದೇಶಿ ಟಾವಿಯಾ ಸಮಾಧಿಗಳ ಸಾಲು ನೋಡುತ್ತ ಬಂದರು. "ಇದ್ಯಾರದು? ಕಾಡಾಗಿದೆಯಲ್ಲ."

"ಗೇಟಿನ ಹೊರಗೆ ನಿಂತಿದಾಳಲ್ಲ, ಅವಳ್ದು," ಎಂದಳು ಅಮ್ಮ. "ಹೆತ್ತವಳಿಗೆ ನಾಚಿಕೆ ಬೇಡ್ವಾ?"

"ಕಿತ್ತಿದೀನಿ ಉಪದೇಶಿಗಳೇ!" ಎಕುವಾ ಕಂಬಿ ಹಿಡಿದು ಕೂಗಿದಳು. "ಈಗ ತಾನೇ ಕಿತ್ತಿದೀನಿ!"

"ನೋಡಿದೋರು ಯಾರು?" ಎಂದರು ಉಪದೇಶಿ.

ಹೆಂಗಸರು ಕಳೆ ಕೀಳುವುದರಲ್ಲಿ ಮುಳುಗಿದರು. "ನಾ ಕಂಡಿದ್ದು ಕೋಲು ಕುಣೀತಿದ್ದದ್ದು," ಎಂದಳು ಬೆಂಟ್ಸಿವಾ. ಮತ್ತೆ ನಗು.

"ಅವನ ಎಲುಬನ್ನಾದ್ರೂ ನನ್ ಕೈಗೆ ಕೊಡ್ತೀರಾ?" ಎಂದಳು ಎಕುವಾ.

"ಎಲುಬೆಲ್ಲ ಹಿಂದುಗಡೆಯ ಗುಂಡಿಗೆ ಹೋಗ್ತವೆ, ಗೆರೆ ಬಿದ್ದೋರೆಲ್ಲರ ಎಲುಬಿನ ಜೊತೆ," ಎಂದರು ಉಪದೇಶಿ, ಪೂಜೆಯ ಹೊತ್ತು ತಿಳಿಸುವ ದನಿಯಲ್ಲಿ. "ಅದೂ ನಿಯಮ."

"ಗೆರೆ ಎಳಿ ಅರಬಾ," ಅಮ್ಮ ನನ್ನ ಬೆನ್ನಿಗೆ ಬೆರಳಿನಿಂದ ತಿವಿದಳು. "ಅಜ್ಜೀನ ನೆನೆಸ್ಕೊ."

ನೆನೆಸಿಕೊಂಡೆ. ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವಳು. ಇಲ್ಲಿ ಅಲ್ಲದಿದ್ದರೆ ಅವಳಿಗೆ ಜಾಗ ಎಲ್ಲಿ? ನನಗೂ ಗೊತ್ತಿರಲಿಲ್ಲ.

ಚರ್ಚಿನಲ್ಲಿ ಪಾಠ ಓದಲು ನಿಲ್ಲಿಸಿದರೆ ನನ್ನ ದನಿ ಎರಡನೇ ಬೆಂಚು ದಾಟುವುದಿಲ್ಲ. ಆ ದಿನ ಗೇಟಿನವರೆಗೂ ಕೇಳಿಸಿತು.

"ಎಕುವಾ ಪೂರ್ತಿ ಕಿತ್ತಿದ್ಲು. ಹುಲ್ಲು ತಂದು ಸುರಿದೋಳು ನಮ್ಮಮ್ಮ."